ಸಿಡಿಲಿಗೆ ಕೆಟ್ಟ ಯುಪಿಎಸ್, ಮರಳಿ ಬಂದ ಗ್ರಾಹಕರು: ಮಲೆನಾಡಿನ ಒಂದು ಆನ್‌ಲೈನ್ ಅಂಗಡಿಯ ಪ್ರಕರಣ

ಶಿವಮೊಗ್ಗದ ಹಳೆಯ ವ್ಯಾಪಾರದ ಬೀದಿಯೊಂದರಲ್ಲಿರುವ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದು 2020ರಲ್ಲಿ ಆನ್‌ಲೈನ್ ಮಾರಾಟಕ್ಕೆ ಇಳಿಯಿತು. ಮೊದಲ ಎರಡು ವರ್ಷ ಹೊಸ ಗ್ರಾಹಕರನ್ನು ಹುಡುಕುವುದರಲ್ಲೇ ಹಣ ಕಳೆದುಕೊಂಡಿತು. ಆಮೇಲೆ ಹಳೆಯ ಗ್ರಾಹಕರು ತಾವಾಗಿಯೇ ಮರಳಿ ಬರತೊಡಗಿದರು. ಆ ತಿರುವು ಹೇಗೆ ಬಂತೆಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅಂಗಡಿಯ ಹೆಸರನ್ನಾಗಲಿ ಕುಟುಂಬದ ಗುರುತನ್ನಾಗಲಿ ಕೊಟ್ಟಿಲ್ಲ. ಗ್ರಾಹಕರ ಊರುಗಳನ್ನು ಹೇಳುವಾಗ ತಾಲ್ಲೂಕಿನ ಹೆಸರಿಗೇ ನಿಲ್ಲಿಸಿದ್ದೇನೆ. ಆರ್ಡರ್‌ಗಳ ಪಟ್ಟಿ, ದೂರಿನ ಸಂದೇಶಗಳು, ವಾಪಸಾದ ಪಾರ್ಸೆಲ್‌ಗಳ ಲೆಕ್ಕ ಎಲ್ಲವನ್ನೂ ಓದಲು ಕುಟುಂಬದವರು ಅವಕಾಶ ಕೊಟ್ಟರು. ವ್ಯಾಪಾರದ ಅಂಕಿಗಳನ್ನು ಹೊರಗೆ ಹೇಳಬಾರದೆಂದು ಕೇಳಿಕೊಂಡರು. ಅದನ್ನು ಪಾಲಿಸಿದ್ದೇನೆ.

ಹಿನ್ನೆಲೆ

ಅಂಗಡಿಯ ಮೂಲ ಕಸುಬು ರೇಡಿಯೋ ರಿಪೇರಿ. ಭದ್ರಾವತಿ ಆಕಾಶವಾಣಿಯನ್ನು ಕೇಳಲು ಮನೆಮನೆಯಲ್ಲೂ ರೇಡಿಯೋ ಇದ್ದ ಕಾಲದಲ್ಲಿ ತಂದೆ ಒಂದು ಮೇಜು, ಒಂದು ಬೆಸುಗೆ ಕಡ್ಡಿ ಇಟ್ಟುಕೊಂಡು ಆರಂಭಿಸಿದ್ದು. ಟಿವಿ, ಮಿಕ್ಸರ್, ಫ್ರಿಜ್, ಮೊಬೈಲ್ ಒಂದೊಂದಾಗಿ ಸೇರುತ್ತಾ ರಿಪೇರಿಯ ಮೇಜು ಅಂಗಡಿಯ ಹಿಂಭಾಗಕ್ಕೆ ಸರಿಯಿತು. ತಂದೆಯ ಜೊತೆ ಕೆಲಸ ಕಲಿತ ಒಬ್ಬ ಹಿರಿಯ ಮೆಕ್ಯಾನಿಕ್ ಮಾತ್ರ ಅಲ್ಲೇ ಉಳಿದರು. ಈಗ ಮುಂದಿನ ಕೌಂಟರ್ ನೋಡಿಕೊಳ್ಳುವವರು ಅಣ್ಣ. ತಂಗಿ ವಾಣಿಜ್ಯ ಪದವೀಧರೆ; ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು 2020ರ ಲಾಕ್‌ಡೌನ್ ಸಮಯದಲ್ಲಿ ಊರಿಗೆ ಬಂದು, ಮುಚ್ಚಿದ ಬಾಗಿಲಿನ ಹಿಂದೆ ಕುಳಿತು ಆನ್‌ಲೈನ್ ಅಂಗಡಿ ಕಟ್ಟಿದರು.

ಆರಂಭ ಚೆನ್ನಾಗಿಯೇ ಇತ್ತು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯಿಂದ ಆರ್ಡರ್‌ಗಳು ಬಂದವು. ಮಕ್ಕಳಿಗೆ ಆನ್‌ಲೈನ್ ತರಗತಿ, ಊರಿಗೆ ಮರಳಿದ ಯುವಕರಿಗೆ ಮನೆಯಿಂದಲೇ ಕೆಲಸ. ರೂಟರ್, ಇಯರ್‌ಫೋನ್, ವೆಬ್ ಕ್ಯಾಮೆರಾ, ಇನ್ವರ್ಟರ್ ಎಲ್ಲಕ್ಕೂ ಬೇಡಿಕೆ. ಆ ಬೇಡಿಕೆಯನ್ನು ಕುಟುಂಬದವರು ತಮ್ಮ ಅಂಗಡಿಯ ಮೇಲಿನ ಒಲವೆಂದು ಓದಿಕೊಂಡರು. ಪೇಟೆಗಳು ಪೂರ್ತಿಯಾಗಿ ತೆರೆದ ಮೇಲೆ ಒಲವು ಎಷ್ಟು, ಅನಿವಾರ್ಯ ಎಷ್ಟು ಎಂಬುದು ಗೊತ್ತಾಯಿತು.

ಹೆಸರುಗಳು ಮರುಕಳಿಸಲಿಲ್ಲ

2022ರ ಆರಂಭದ ಹೊತ್ತಿಗೆ ತಂಗಿ ಗಮನಿಸಿದ ಸಂಗತಿ ಇದು: ದಿನವೂ ಆರ್ಡರ್ ಬರುತ್ತಿದೆ, ಆದರೆ ಒಮ್ಮೆ ಬಂದ ಹೆಸರು ಮತ್ತೆ ಕಾಣುವುದಿಲ್ಲ. ಪ್ರತಿಯೊಬ್ಬ ಹೊಸ ಗ್ರಾಹಕರನ್ನು ಕರೆತರಲು ಜಾಹೀರಾತಿಗೆ ಹಣ ಹೋಗುತ್ತಿತ್ತು. ಒಂದು ಚಾರ್ಜರ್ ಅಥವಾ ಕೇಬಲ್ ಮಾರಿ ಸಿಗುವ ಲಾಭ ಆ ಖರ್ಚನ್ನೇ ತುಂಬುತ್ತಿರಲಿಲ್ಲ. ಅದೇ ಗ್ರಾಹಕ ಆರು ತಿಂಗಳ ನಂತರ ಸ್ಟೆಬಿಲೈಸರ್‌ಗೆ, ವರ್ಷದ ನಂತರ ಟಿವಿಗೆ ಬಂದರೆ ಲೆಕ್ಕ ಸರಿಹೋಗುತ್ತದೆ. ಬರುತ್ತಿರಲಿಲ್ಲ.

ಇದರ ಜೊತೆಗೆ ವಾಪಸಾಗುವ ಪಾರ್ಸೆಲ್‌ಗಳು. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳುಹಿಸಿದ ಸರಕು ಗ್ರಾಹಕರ ಕೈ ಸೇರದೆ ತಿರುಗಿ ಬಂದರೆ ಹೋಗುವ ಬಾಡಿಗೆಯೂ ಬರುವ ಬಾಡಿಗೆಯೂ ಅಂಗಡಿಯ ತಲೆಗೆ. ವಾಪಸಾದ ಪೆಟ್ಟಿಗೆಗಳ ಮೇಲೆ ಸಾಮಾನ್ಯವಾಗಿ ಇದ್ದ ಷರಾ ‘ಗ್ರಾಹಕರು ಸಂಪರ್ಕಕ್ಕೆ ಸಿಗಲಿಲ್ಲ’. ಅಣ್ಣನ ಪ್ರಕಾರ ಜನ ಮನಸ್ಸು ಬದಲಾಯಿಸಿ ಫೋನ್ ಎತ್ತುತ್ತಿಲ್ಲ. ತಂಗಿಗೂ ಆಗ ಹಾಗೆಯೇ ಅನಿಸಿತ್ತು.

ಗ್ರಾಹಕರು ಏಕೆ ಮರಳುತ್ತಿಲ್ಲ ಎಂಬ ಪ್ರಶ್ನೆಗೆ ಇಬ್ಬರೂ ಕೊಟ್ಟುಕೊಂಡ ಉತ್ತರ ಒಂದೇ: ಬೆಲೆ. ದೊಡ್ಡ ಜಾಲತಾಣಗಳು ನಮಗಿಂತ ಅಗ್ಗ, ಜನ ಅಲ್ಲಿಗೆ ಹೋಗುತ್ತಾರೆ. ಈ ಉತ್ತರದಲ್ಲಿ ಸತ್ಯಾಂಶ ಇದ್ದುದರಿಂದಲೇ ಅದು ಅವರನ್ನು ಬಹುಕಾಲ ದಾರಿ ತಪ್ಪಿಸಿತು.

ಮೊದಲು ಮಾಡಿದ ಪ್ರಯತ್ನಗಳು

ದೀಪಾವಳಿಗೆ ರಿಯಾಯಿತಿ ಕೂಪನ್ ಬಿಟ್ಟರು. ಎರಡನೆಯ ಖರೀದಿಗೆ ಬಳಸಬಹುದಾದ ಅಂಕಗಳನ್ನು ಕೊಟ್ಟರು. ಸಾಗಣೆ ವೆಚ್ಚವನ್ನು ತೆಗೆದುಹಾಕಿದರು. ದೊಡ್ಡ ಜಾಲತಾಣಗಳನ್ನು ನೋಡಿ, ಪ್ರತಿ ವಸ್ತುವಿನ ಕೆಳಗೆ ‘ಇನ್ನು ಎರಡೇ ಉಳಿದಿವೆ’ ಎಂಬ ಸಾಲನ್ನೂ ಹಾಕಿದರು. ಗೋದಾಮಿನಲ್ಲಿ ಎಷ್ಟೇ ಇದ್ದರೂ ಆ ಸಾಲು ಬದಲಾಗುತ್ತಿರಲಿಲ್ಲ.

ಕೂಪನ್‌ನ ದಿನ ಆರ್ಡರ್‌ಗಳು ಏರಿದವು, ಮರುವಾರ ಇಳಿದವು. ಬಂದವರು ಮುಂದಿನ ಕೂಪನ್‌ಗಾಗಿ ಕಾದರು. ಅಂಕಗಳನ್ನು ಬಹುತೇಕ ಯಾರೂ ಬಳಸಲಿಲ್ಲ. ಇದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಕಿರಾಣಿ ಅಂಗಡಿಗೆ ವಾರಕ್ಕೊಮ್ಮೆ ಹೋಗುವ ಮನೆಯವರು ಎಲೆಕ್ಟ್ರಾನಿಕ್ಸ್ ಕೊಳ್ಳುವುದು ವರ್ಷದಲ್ಲಿ ಕೆಲವೇ ಬಾರಿ. ಮಲೆನಾಡಿನಲ್ಲಿ ಅದಕ್ಕೊಂದು ಋತುವೂ ಇದೆ. ಅಡಿಕೆ ಕೊಯ್ಲು ಮುಗಿದು, ಒಣಗಿಸಿ, ಮಂಡಿಗೆ ಹಾಕಿ ಹಣ ಕೈಗೆ ಬಂದಾಗ ದೊಡ್ಡ ಖರೀದಿ; ಮಳೆಗಾಲ ಹಿಡಿಯುವ ಮುನ್ನ ಮೇ ತಿಂಗಳಲ್ಲಿ ಇನ್ವರ್ಟರ್, ಬ್ಯಾಟರಿ, ಟಾರ್ಚ್. ಮೂರು ತಿಂಗಳಲ್ಲಿ ಅವಧಿ ಮುಗಿಯುವ ಅಂಕಗಳು ಈ ಲಯಕ್ಕೆ ಎಲ್ಲಿಯೂ ಹೊಂದುವುದಿಲ್ಲ.

ಸ್ಥಳದ ಕೊರತೆಯಿಂದ ಹಿಂಭಾಗದ ರಿಪೇರಿ ಮೇಜನ್ನು ತೆಗೆದು ಅಲ್ಲಿ ಪ್ಯಾಕಿಂಗ್ ಮಾಡುವ ಯೋಚನೆ ಈ ಸಮಯದಲ್ಲೇ ಬಂತು. ಹಿರಿಯ ಮೆಕ್ಯಾನಿಕ್ ಅವರಿಗೆ ಮಳೆಗಾಲದವರೆಗೆ ಸಮಯ ಕೊಟ್ಟಿದ್ದರು.

ಮೇ ತಿಂಗಳ ಒಂದು ದೂರು

ಮಲೆನಾಡಿನಲ್ಲಿ ಸಿಡಿಲಿನ ಆರ್ಭಟ ಜೋರಾಗಿರುವುದು ಜುಲೈನ ಜಡಿಮಳೆಯಲ್ಲಿ ಅಲ್ಲ. ಏಪ್ರಿಲ್–ಮೇ ತಿಂಗಳ ಸಂಜೆಯ ಮಳೆಯಲ್ಲಿ, ಮತ್ತೆ ಮುಂಗಾರು ಹಿಂದೆ ಸರಿಯುವ ದಿನಗಳಲ್ಲಿ. 2022ರ ಮೇ ತಿಂಗಳಲ್ಲಿ ಹೊಸನಗರ ತಾಲ್ಲೂಕಿನ ಒಂಟಿ ಮನೆಯೊಂದರಿಂದ ದೂರು ಬಂತು. ವಯಸ್ಸಾದ ದಂಪತಿ, ಮಕ್ಕಳು ದೂರದ ನಗರದಲ್ಲಿದ್ದಾರೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದೆ, ಆದರೆ ಮೊಬೈಲ್ ಸಿಗ್ನಲ್ ಬೇಕೆಂದರೆ ತೋಟ ದಾಟಿ ಗುಡ್ಡ ಹತ್ತಬೇಕು. ಹೀಗಾಗಿ ವೈಫೈ ನಿಂತರೆ ಮನೆಯ ಮಾತೇ ನಿಲ್ಲುತ್ತದೆ. ಅವರು ಈ ಅಂಗಡಿಯಿಂದ ರೂಟರ್ ಹಾಗೂ ಕರೆಂಟ್ ಹೋದಾಗ ಅದನ್ನು ನಡೆಸುವ ಚಿಕ್ಕ ಯುಪಿಎಸ್ ತರಿಸಿದ್ದರು. ಸಿಡಿಲು ಹತ್ತಿರದಲ್ಲೇ ಬಡಿದ ಸಂಜೆ ಎರಡೂ ಸತ್ತವು.

ತಂಗಿ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರು. ಸಿಡಿಲಿನಿಂದಾದ ಹಾನಿ ವಾರಂಟಿಗೆ ಒಳಪಡುವುದಿಲ್ಲ ಎಂಬ ಉತ್ತರ ಬಂತು. ಇದು ಬಹುತೇಕ ಎಲ್ಲ ವಾರಂಟಿ ಪತ್ರಗಳಲ್ಲೂ ಸಣ್ಣ ಅಕ್ಷರಗಳಲ್ಲಿ ಇರುವ ಷರತ್ತು. ಕಾನೂನು ಕೂಡ ಇಲ್ಲಿ ಗ್ರಾಹಕರ ನೆರವಿಗೆ ಬರುತ್ತಿರಲಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ, ವಿವರಣೆಗೆ ಹೊಂದದ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದು ಸಿಡಿಲಿಗೆ ಸಿಕ್ಕಿದ ಸರಕು ಆ ಸಾಲಿಗೆ ಸೇರುವುದಿಲ್ಲ. ಅಂಗಡಿ ಕೈ ತೊಳೆದುಕೊಂಡಿದ್ದರೆ ಯಾರೂ ತಪ್ಪು ಎನ್ನುವಂತಿರಲಿಲ್ಲ. ತಂಗಿ ಹಾಗೆಯೇ ಒಂದು ಸೌಮ್ಯವಾದ ಉತ್ತರ ಬರೆದಿಟ್ಟುಕೊಂಡಿದ್ದರು.

ಅದನ್ನು ಕಳುಹಿಸುವ ಮೊದಲು ಮೆಕ್ಯಾನಿಕ್ ‘ಆ ಪೆಟ್ಟಿಗೆಯನ್ನು ಇಲ್ಲಿಗೆ ತರಿಸಿ, ನೋಡೋಣ’ ಎಂದರು. ಖಾಸಗಿ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಯುಪಿಎಸ್ ಬಿಚ್ಚಿದರೆ ವಿದ್ಯುತ್ ಒಳಬರುವ ಕಡೆಯ ಫ್ಯೂಸ್ ಸುಟ್ಟಿತ್ತು, ಅದರ ಪಕ್ಕದ ವೇರಿಸ್ಟರ್ ಸೀಳಿತ್ತು. ವೇರಿಸ್ಟರ್ ಇರುವುದೇ ಇದಕ್ಕಾಗಿ: ವೋಲ್ಟೇಜ್ ಹಠಾತ್ತನೆ ಏರಿದಾಗ ಆ ಏಟನ್ನು ತಾನು ತಿಂದು ಒಳಗಿನ ಭಾಗವನ್ನು ಉಳಿಸುತ್ತದೆ. ಮುಂದಿನ ಸರ್ಕ್ಯೂಟ್ ಸರಿಯಾಗಿತ್ತು. ರೂಟರ್ ಕೆಟ್ಟೇ ಇರಲಿಲ್ಲ, ಅದಕ್ಕೆ ವಿದ್ಯುತ್ ಸಿಗುತ್ತಿರಲಿಲ್ಲ ಅಷ್ಟೇ. ಬಿಡಿಭಾಗಗಳ ಬೆಲೆ ಬಸ್ಸಿನ ಪಾರ್ಸೆಲ್ ದರಕ್ಕಿಂತ ಕಡಿಮೆ. ಸರಿಪಡಿಸಿ, ಒಂದು ರಾತ್ರಿ ಚಾಲೂ ಇಟ್ಟು ನೋಡಿ, ಮರುದಿನದ ಬಸ್ಸಿಗೆ ಹಾಕಿದರು. ಜೊತೆಗೆ ಮೆಕ್ಯಾನಿಕ್ ಕೈಬರಹದ ಒಂದು ಚೀಟಿ ಇಟ್ಟಿದ್ದರು: ಫೈಬರ್ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಿಂದೆ ತಾಮ್ರದ ಫೋನ್ ತಂತಿಯಿಂದ ಬರುತ್ತಿದ್ದ ಅಪಾಯ ಈಗ ಪ್ಲಗ್ಗಿನಿಂದ ಬರುತ್ತದೆ, ಗುಡುಗು ಕೇಳಿಸಿದ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಟಿವಿಗಾದರೆ ಡಿಶ್‌ನ ಕೇಬಲ್ಲನ್ನೂ ಬಿಚ್ಚಬೇಕು.

ಜೂನ್ ಮುಗಿಯುವ ಮೊದಲೇ ಆ ಮನೆಯಿಂದ ಫ್ರಿಜ್‌ಗೆ ಸ್ಟೆಬಿಲೈಸರ್ ಬೇಕೆಂದು ಆರ್ಡರ್ ಬಂತು. ಅದರ ಹಿಂದೆಯೇ ಅದೇ ಅಂಚೆಯ ವ್ಯಾಪ್ತಿಯ ಬೇರೆ ಮನೆಗಳಿಂದ ಆರ್ಡರ್‌ಗಳು ಬಂದವು, ಜಾಹೀರಾತಿನ ನೆರವಿಲ್ಲದೆ.

ಪಟ್ಟಿಯನ್ನು ಬೇರೆ ರೀತಿಯಲ್ಲಿ ಓದಿದಾಗ

ಈ ಪ್ರಕರಣದ ನಿಜವಾದ ತಿರುವು ಇದರ ನಂತರದ್ದು ಎಂದು ನನ್ನ ಅಭಿಪ್ರಾಯ. ತಂಗಿ ಈ ಘಟನೆಯನ್ನು ಒಂದು ಒಳ್ಳೆಯ ಕಾರ್ಯವೆಂದು ನೆನಪಿಟ್ಟುಕೊಂಡು ಸುಮ್ಮನಿರಲಿಲ್ಲ. ಎರಡು ವರ್ಷದ ಆರ್ಡರ್ ಪಟ್ಟಿಯನ್ನು ತೆಗೆದು, ಎರಡು ಅಥವಾ ಹೆಚ್ಚು ಬಾರಿ ಕೊಂಡ ಕೆಲವೇ ಹೆಸರುಗಳನ್ನು ಬೇರ್ಪಡಿಸಿದರು. ಅವರ ಹಳೆಯ ಸಂದೇಶಗಳನ್ನು ಒಂದೊಂದಾಗಿ ಓದಿದರು. ಅವರಲ್ಲಿ ಹೆಚ್ಚಿನವರು ಹಿಂದೆ ಯಾವುದೋ ಒಂದು ತೊಂದರೆ ಹೇಳಿಕೊಂಡಿದ್ದವರು, ಇಲ್ಲವೇ ಕೊಳ್ಳುವ ಮೊದಲು ಪ್ರಶ್ನೆ ಕೇಳಿದ್ದವರು. ಯಾವ ಮಾತೂ ಇಲ್ಲದೆ ವಸ್ತು ತಲುಪಿ, ಯಾವ ತೊಂದರೆಯೂ ಆಗದೆ ಬಳಸುತ್ತಿದ್ದವರು ಮರಳಿ ಬಂದದ್ದು ಅಪರೂಪ. ಅವರಿಗೆ ಈ ಅಂಗಡಿಯನ್ನು ಬೇರೆ ಅಂಗಡಿಗಳಿಂದ ಬೇರ್ಪಡಿಸಿ ನೋಡಲು ಕಾರಣವೇ ಸಿಕ್ಕಿರಲಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಮಸ್ಯೆ ಬಂದರೆ ಗ್ರಾಹಕರು ಉಳಿಯುತ್ತಾರೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ತೊಂದರೆಯಾಗಿ ಒಂದು ಮಾತೂ ಹೇಳದೆ ಹೊರಟುಹೋದವರು ಈ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಕರೆ ಮಾಡಿ ಕೇಳುವ ಸ್ವಭಾವದವರು ಮೊದಲಿನಿಂದಲೂ ಸಂಬಂಧ ಉಳಿಸಿಕೊಳ್ಳುವ ಸ್ವಭಾವದವರೂ ಆಗಿರಬಹುದು. ಈ ಎರಡನ್ನೂ ಒಪ್ಪಿಕೊಂಡ ಮೇಲೂ ಒಂದು ವಿಷಯ ಉಳಿಯುತ್ತದೆ: ಕೂಪನ್ ಬಳಸಿದವರ ಪಟ್ಟಿಗೂ ಮರಳಿ ಬಂದವರ ಪಟ್ಟಿಗೂ ಹೆಚ್ಚಿನ ಸಂಬಂಧವಿರಲಿಲ್ಲ. ಬೆಲೆಯೇ ಕಾರಣ ಎಂಬ ಎರಡು ವರ್ಷದ ನಂಬಿಕೆ ಅಲ್ಲಿಗೆ ಸಡಿಲವಾಯಿತು.

‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ವಾಪಸಾದ ಪಾರ್ಸೆಲ್‌ಗಳನ್ನೂ ಅವರು ಊರುಗಳ ಪ್ರಕಾರ ವಿಂಗಡಿಸಿದರು. ಸಿಗ್ನಲ್ ಇಲ್ಲದ ಕಣಿವೆಗಳೇ ಅದರಲ್ಲಿ ತುಂಬಿಕೊಂಡಿದ್ದವು. ಡೆಲಿವರಿ ಹುಡುಗ ರಸ್ತೆಯಲ್ಲಿ ನಿಂತು ಕರೆ ಮಾಡುತ್ತಾನೆ, ಮನೆಯಲ್ಲಿ ಫೋನ್ ರಿಂಗಾಗುವುದಿಲ್ಲ. ಸಿಕ್ಕರೂ, ಸರಕು ಒಪ್ಪಿಸಲು ಬೇಕಾದ ಒಟಿಪಿ ಸಂದೇಶ ಆ ಮನೆಯ ಅಂಗಳಕ್ಕೆ ಬರುವುದಿಲ್ಲ. ಆರು ಅಂಕಿಯ ಒಂದೇ ಪಿನ್ ಕೋಡ್‌ನಡಿ ಹತ್ತಾರು ಹಳ್ಳಿಗಳಿವೆ, ಒಂದೊಂದು ಹಳ್ಳಿಯಲ್ಲೂ ಮನೆಗಳು ತೋಟ, ಗದ್ದೆಗಳ ನಡುವೆ ಚದುರಿವೆ. ಆ ಪೆಟ್ಟಿಗೆಗಳಲ್ಲಿ ಹಲವನ್ನು ಗ್ರಾಹಕರು ನಿಜವಾಗಿ ಕಾಯುತ್ತಿದ್ದರು. ವಾಪಸು ಹೋಯಿತೆಂದು ತಿಳಿದಾಗ ಅವರಿಗೆ ಅಂಗಡಿಯ ಮೇಲೆ ಮೂಡಿದ್ದು ಬೇಸರ, ಅಂಗಡಿಗೆ ಅವರ ಮೇಲೆ ಮೂಡಿದ್ದು ಸಂಶಯ. ಇಬ್ಬರೂ ತಪ್ಪು ಮಾಡಿರಲಿಲ್ಲ. ಒಂದು ಅಂಗಡಿ ತನ್ನ ಒಳ್ಳೆಯ ಗ್ರಾಹಕರನ್ನೇ ಕಳ್ಳರಂತೆ ನೋಡುವ ಸ್ಥಿತಿ ಹೀಗೆ ಸದ್ದಿಲ್ಲದೆ ಹುಟ್ಟಿಕೊಳ್ಳುತ್ತದೆ ಎಂಬುದು ನನ್ನನ್ನು ಈ ಕಡತದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಕಿದ ಸಂಗತಿ.

ತೆಗೆದುಕೊಂಡ ತೀರ್ಮಾನಗಳು

ಮೊದಲನೆಯದಾಗಿ ರಿಪೇರಿ ಮೇಜು ಉಳಿಯಿತು. ಪ್ಯಾಕಿಂಗ್‌ಗೆ ಪಕ್ಕದ ಮಹಡಿಯನ್ನು ಬಾಡಿಗೆಗೆ ಹಿಡಿದರು. ಅಣ್ಣನಿಗೆ ಈ ಖರ್ಚು ಸರಿ ಕಾಣಲಿಲ್ಲ. ಆದರೂ ಒಂದು ವರ್ಷ ನೋಡಲು ಒಪ್ಪಿದರು.

ವಿಳಾಸದ ನಮೂನೆ ಬದಲಾಯಿತು. ಮನೆ ಸಂಖ್ಯೆ, ಬೀದಿ ಕೇಳುತ್ತಿದ್ದ ಜಾಗದಲ್ಲಿ ಮೂರು ಪ್ರಶ್ನೆಗಳು ಬಂದವು: ನಿಮ್ಮ ಮನೆಯಲ್ಲಿ ಸಿಗ್ನಲ್ ಇದೆಯೇ, ಪೇಟೆಯಲ್ಲಿ ಯಾರ ಅಂಗಡಿಯಲ್ಲಿ ಬಿಟ್ಟರೆ ನಿಮಗೆ ಸಿಗುತ್ತದೆ, ಯಾವ ಬಸ್ಸು ನಿಮ್ಮ ಊರಿಗೆ ಬರುತ್ತದೆ. ಸಿಗ್ನಲ್ ಇಲ್ಲದವರಿಗೆ ಕೊರಿಯರ್ ಬಿಟ್ಟು ಬಸ್ ಪಾರ್ಸೆಲ್ ಬಳಸಿದರು. ಬಸ್ಸಿನ ನಿರ್ವಾಹಕರಿಗೆ ಮನೆ ಗೊತ್ತು, ಮನೆಯವರಿಗೆ ಬಸ್ಸಿನ ಸಮಯ ಗೊತ್ತು. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯವರ ಸರಕು, ಹಿನ್ನೀರು ದಾಟಿಸುವ ಲಾಂಚ್ ನಿಂತ ದಿನಗಳಲ್ಲಿ ಈಚೆ ದಡದಲ್ಲೇ ಉಳಿಯುತ್ತಿತ್ತು. ಅದನ್ನು ಆರ್ಡರ್ ಪಡೆಯುವಾಗಲೇ ಹೇಳಿ, ದಿನಾಂಕ ಕೊಡುವ ಬದಲು ‘ಲಾಂಚ್ ನಡೆದರೆ ಇಂಥ ದಿನ’ ಎಂದು ಬರೆಯತೊಡಗಿದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಷರತ್ತು ಹೋಯಿತು.

ಮಾರುವ ಮೊದಲು ಕೇಳುವ ಪದ್ಧತಿ ಬಂತು. ಚಿಕ್ಕ ಯುಪಿಎಸ್ ಆರ್ಡರ್ ಮಾಡಿದವರಿಂದ ಅವರ ರೂಟರ್‌ನ ಅಡಾಪ್ಟರ್ ಫೋಟೋ ತರಿಸಿಕೊಳ್ಳುತ್ತಾರೆ. ಹೆಚ್ಚಿನ ರೂಟರ್‌ಗಳಿಗೆ 12 ವೋಲ್ಟ್ ಬೇಕು, ಕೆಲವಕ್ಕೆ 9, ಕೆಲವಕ್ಕೆ 5. ಆಂಪಿಯರ್ ಬೇರೆ ಬೇರೆ, ಪಿನ್ನಿನ ದಪ್ಪವೂ ಬೇರೆ. ಈ ಒಂದು ಫೋಟೋದಿಂದ ಆ ಸರಕಿನ ವಾಪಸಾತಿ ಬಹುತೇಕ ನಿಂತಿತು. ಫ್ರಿಜ್ ಕೇಳಿದವರಿಗೆ ಸಂಜೆ ಹೊತ್ತು ಬಲ್ಬ್ ಮಂಕಾಗುತ್ತದೆಯೇ ಎಂದು ಕೇಳುತ್ತಾರೆ. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಲೈನಿನ ತುದಿಯ ಮನೆಗಳಲ್ಲಿ ಪಂಪ್‌ಸೆಟ್‌ಗಳು ಓಡುವಾಗ ಅದು ಬಹಳ ಕೆಳಗಿಳಿಯುತ್ತದೆ. ಆಗ ಕಂಪ್ರೆಸರ್ ತಿರುಗಲು ತಿಣುಕಿ, ಹೆಚ್ಚು ಕರೆಂಟ್ ಎಳೆದು, ಬಿಸಿಯಾಗಿ ಸುಡುತ್ತದೆ. ಅಂಥ ಮನೆಗೆ ಸ್ಟೆಬಿಲೈಸರ್ ಇಲ್ಲದೆ ಫ್ರಿಜ್ ಮಾರುವುದಿಲ್ಲ ಎಂದು ತೀರ್ಮಾನಿಸಿದರು. ಕೆಲವರು ಬೇಸರಗೊಂಡು ಬೇರೆಡೆ ಕೊಂಡರು. ಈ ತೀರ್ಮಾನಕ್ಕೆ ಅವರು ಅಂಟಿಕೊಂಡದ್ದನ್ನು ನಾನು ಗೌರವಿಸುತ್ತೇನೆ. ಮಾರಾಟವನ್ನು ಬಿಟ್ಟುಕೊಡಲು ಸಿದ್ಧವಿರುವ ಅಂಗಡಿಯ ಸಲಹೆಯನ್ನಷ್ಟೇ ಜನ ನಂಬುತ್ತಾರೆ.

ಬಿಲ್ಲಿನ ವಿಷಯ ಸಣ್ಣದೆಂದು ಎಲ್ಲರೂ ಭಾವಿಸಿದ್ದರು, ಪರಿಣಾಮ ದೊಡ್ಡದಾಯಿತು. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಬಿಸಿಗೆ, ಬೆಳಕಿಗೆ ಮಾಸುತ್ತದೆ. ಮಲೆನಾಡಿನ ತೇವಕ್ಕೆ ಕಾಗದವೇ ಬೂಸ್ಟು ಹಿಡಿಯುತ್ತದೆ. ವರ್ಷದ ಕೊನೆಯಲ್ಲಿ ವಸ್ತು ಕೆಟ್ಟಾಗ ಬಿಲ್ ಇಲ್ಲ, ಬಿಲ್ ಇಲ್ಲದೆ ವಾರಂಟಿ ಇಲ್ಲ. ಅಂಗಡಿಯವರೇ ಪ್ರತಿ ಬಿಲ್, ಪ್ರತಿ ಸೀರಿಯಲ್ ಸಂಖ್ಯೆಯ ಪ್ರತಿ ಇಟ್ಟುಕೊಂಡು, ಫೋನ್ ಸಂಖ್ಯೆ ಹೇಳಿದರೆ ಸಾಕು ಎಂದರು. ವಾರಂಟಿ ಮುಗಿಯುವ ಒಂದು ತಿಂಗಳ ಮೊದಲು ‘ಏನಾದರೂ ತೊಂದರೆ ಇದ್ದರೆ ಈಗಲೇ ಹೇಳಿ’ ಎಂಬ ಸಂದೇಶ ಕಳುಹಿಸತೊಡಗಿದರು. ಏನನ್ನೂ ಮಾರಲು ಹೊರಡದ ಈ ಸಂದೇಶಕ್ಕೆ ಬಂದಷ್ಟು ಉತ್ತರ ಯಾವ ಕೂಪನ್ನಿಗೂ ಬಂದಿರಲಿಲ್ಲವೆಂದು ತಂಗಿ ಹೇಳುತ್ತಾರೆ. ಸಂದೇಶಗಳ ಕಡತವೂ ಅದನ್ನೇ ತೋರಿಸುತ್ತದೆ.

ಪೆಟ್ಟಿಗೆ ಬಿಚ್ಚುವ ವಿಡಿಯೋ ಬಗ್ಗೆ ಅಣ್ಣತಂಗಿಯರಲ್ಲಿ ನಿಜವಾದ ಜಗಳ ನಡೆಯಿತು. ವಿಡಿಯೋ ಇಲ್ಲದಿದ್ದರೆ ಒಡೆದ ಸರಕಿನ ದೂರು ಸ್ವೀಕರಿಸಬಾರದು ಎಂಬುದು ಅಣ್ಣನ ನಿಲುವು. ಮೋಸ ಹೋದ ಅನುಭವ ಅವರಿಗಿತ್ತು. ಎಪ್ಪತ್ತು ದಾಟಿದವರು ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಪೆಟ್ಟಿಗೆ ಬಿಚ್ಚಲಾರರು ಎಂಬುದು ತಂಗಿಯ ವಾದ. ಕೊನೆಗೆ ವಿಡಿಯೋ ಮಾಡುವ ಹೊಣೆಯನ್ನು ಅಂಗಡಿಯೇ ಹೊತ್ತಿತು. ಪ್ಯಾಕ್ ಮಾಡುವ ಮೊದಲು ವಸ್ತುವನ್ನು ಚಾಲೂ ಮಾಡಿ, ಸೀರಿಯಲ್ ಸಂಖ್ಯೆ ಕಾಣುವಂತೆ ಚಿತ್ರೀಕರಿಸಿ, ಅದನ್ನು ಗ್ರಾಹಕರಿಗೇ ಕಳುಹಿಸುತ್ತಾರೆ. ಮೋಸ ಪೂರ್ತಿ ನಿಂತಿಲ್ಲ, ಆದರೆ ವಾದಗಳು ಕಡಿಮೆಯಾದವು. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಹೊದಿಕೆ, ಸಿಲಿಕಾ ಜೆಲ್ ಪೊಟ್ಟಣ ಕಡ್ಡಾಯ.

‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಸಾಲನ್ನು ತೆಗೆದರು. ಇಂಥ ಕೃತಕ ಅವಸರವನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಗ್ರಾಹಕರನ್ನು ವಂಚಿಸುವ ತಂತ್ರಗಳ ಸಾಲಿಗೆ ಸೇರಿಸಿದೆ. ಇವರು ತೆಗೆದದ್ದು ಅದಕ್ಕೂ ಮೊದಲು, ಬೇರೆ ಕಾರಣಕ್ಕೆ: ಫೋನಿನಲ್ಲಿ ಮಾತನಾಡಿಸಿ ನಿಜ ಹೇಳುವ ಅಂಗಡಿ ಪರದೆಯ ಮೇಲೆ ಸುಳ್ಳು ಬರೆಯುವುದು ತಂಗಿಗೆ ಸಹಿಸಲಾಗಲಿಲ್ಲ. ಹೆಸರಿಲ್ಲದ ಪವರ್ ಬ್ಯಾಂಕ್‌ಗಳು, ಅತಿ ಅಗ್ಗದ ಇಯರ್‌ಫೋನ್‌ಗಳು ಕೂಡ ಹೋದವು. ಅವು ಒಳ್ಳೆಯ ಲಾಭ ತರುತ್ತಿದ್ದವು, ಅಷ್ಟೇ ದೂರುಗಳನ್ನೂ ತರುತ್ತಿದ್ದವು.

ಆದದ್ದೇನು

ಮೊದಲ ಕೆಲವು ತಿಂಗಳು ಮಾರಾಟ ಇಳಿಯಿತು. ಅಗ್ಗದ ಸರಕು ಇಲ್ಲ, ಕೂಪನ್ ಇಲ್ಲ, ಫ್ರಿಜ್‌ಗೆ ಷರತ್ತು ಬೇರೆ. ಆ ವರ್ಷದ ದೀಪಾವಳಿಗೆ ಕೂಪನ್ ಮರಳಿ ತರಲು ಅಣ್ಣ ಒತ್ತಾಯಿಸಿದರು. ಹಳೆಯ ಗ್ರಾಹಕರಿಗೆ ಮಾತ್ರ, ಅದೂ ಅಡಿಕೆಯ ಹಣ ಬರುವ ಕಾಲದವರೆಗೆ ಅವಧಿ ಇಟ್ಟು ಕೊಡುವುದೆಂದು ಒಪ್ಪಂದವಾಯಿತು. ಮರುವರ್ಷದ ಮೇ ತಿಂಗಳಿನಿಂದ ಬದಲಾವಣೆ ಪಟ್ಟಿಯಲ್ಲಿ ಕಾಣತೊಡಗಿತು. ಮಳೆಗಾಲಕ್ಕೆ ಮುಂಚಿನ ಇನ್ವರ್ಟರ್ ಆರ್ಡರ್‌ಗಳಲ್ಲಿ ಹಳೆಯ ಹೆಸರುಗಳು, ಹಳೆಯ ಹೆಸರುಗಳ ಊರಿನ ಹೊಸ ಹೆಸರುಗಳು. ಜಾಹೀರಾತಿನ ವೆಚ್ಚವನ್ನು ಗಣನೀಯವಾಗಿ ತಗ್ಗಿಸಿದರೂ ಆರ್ಡರ್ ಇಳಿಯಲಿಲ್ಲ. ಮುಂಗಡ ಪಾವತಿ ಮಾಡುವವರು ಹೆಚ್ಚಿದರು. ಒಮ್ಮೆ ನಂಬಿದವರು ಎರಡನೆಯ ಬಾರಿ ಕ್ಯಾಶ್ ಆನ್ ಡೆಲಿವರಿ ಕೇಳುವುದಿಲ್ಲ, ಯುಪಿಐನಲ್ಲಿ ಮೊದಲೇ ಕಳುಹಿಸಿಬಿಡುತ್ತಾರೆ.

ಎಲ್ಲವೂ ಗೆಲ್ಲಲಿಲ್ಲ. ಮೊಬೈಲ್ ಫೋನ್ ಮಾರಾಟ ಚೇತರಿಸಿಕೊಳ್ಳಲೇ ಇಲ್ಲ. ಶಿವಮೊಗ್ಗ ನಗರದ ಕಾಲೇಜು ವಿದ್ಯಾರ್ಥಿಗೆ ಬ್ರಾಂಡ್‌ನ ಸೇವಾ ಕೇಂದ್ರ ಹತ್ತಿರದಲ್ಲೇ ಇದೆ. ಅವನಿಗೆ ಈ ಅಂಗಡಿಯ ಆರೈಕೆಯಿಂದ ಹೆಚ್ಚುವರಿ ಲಾಭವಿಲ್ಲ, ಅವನು ಬೆಲೆ ನೋಡುತ್ತಾನೆ. ಅದು ಸರಿಯೇ. ಹೊಸನಗರದ ಒಳಗಿನ ಮನೆಗೆ ಅದೇ ಸೇವಾ ಕೇಂದ್ರವೆಂದರೆ ಒಂದು ದಿನದ ಬಸ್ ಪ್ರಯಾಣ, ಒಂದು ದಿನದ ಕೂಲಿ, ಕೆಲವೊಮ್ಮೆ ಬಿಡಿಭಾಗ ಬಂದಿಲ್ಲವೆಂದು ಮತ್ತೊಂದು ಪ್ರಯಾಣ. ಆ ಮನೆಯ ಲೆಕ್ಕದಲ್ಲಿ ಕೆಲವು ನೂರು ರೂಪಾಯಿ ಕಡಿಮೆ ಬೆಲೆ ನಿಜವಾಗಿ ಕಡಿಮೆಯಲ್ಲ.

ಕೆಟ್ಟ ವಸ್ತುವನ್ನು ಎಲ್ಲ ತಾಲ್ಲೂಕುಗಳಿಂದ ಉಚಿತವಾಗಿ ತರಿಸಿಕೊಳ್ಳುವ ಪ್ರಯೋಗವೂ ಸೋತಿತು. ಖರ್ಚು ಕೈಮೀರಿತು. ಈಗ ತರಿಸುವ ಮೊದಲು ಮೆಕ್ಯಾನಿಕ್ ವಿಡಿಯೋ ಕರೆಯಲ್ಲಿ ನೋಡುತ್ತಾರೆ. ಸಡಿಲವಾದ ಪಿನ್, ತಪ್ಪು ಸೆಟ್ಟಿಂಗ್, ಪ್ಲಗ್ಗಿನ ತುಕ್ಕು ಇಂಥವು ಅಲ್ಲೇ ಬಗೆಹರಿಯುತ್ತವೆ. ರೂಟರ್ ಕೆಟ್ಟವರಿಗೆ ರಿಪೇರಿಯಾಗುವವರೆಗೆ ಬಳಸಲು ಹಳೆಯದೊಂದನ್ನು ಬಸ್ಸಿನಲ್ಲಿ ಕಳುಹಿಸುವ ಪದ್ಧತಿ ಮಾತ್ರ ಮುಂದುವರಿದಿದೆ.

ಕಳೆದುಕೊಂಡ ಒಂದು ಮನೆಯ ವಿಷಯವನ್ನೂ ಹೇಳಲೇಬೇಕು. ಸೊರಬ ತಾಲ್ಲೂಕಿಗೆ ಕಳುಹಿಸಿದ ಟಿವಿಯೊಂದರ ಪರದೆ ದಾರಿಯಲ್ಲಿ ಒಡೆಯಿತು. ಹೊಣೆ ಯಾರದ್ದೆಂದು ಕೊರಿಯರ್ ಸಂಸ್ಥೆಯೊಂದಿಗೆ ಪತ್ರ ವ್ಯವಹಾರ ನಡೆಯುತ್ತಿದ್ದಾಗ ಗ್ರಾಹಕರು ವಾರಗಟ್ಟಲೆ ಕಾದರು. ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂಬುದು ನಿಯಮ. ಅಂಗಡಿ ಆ ಗಡುವಿನೊಳಗೇ ಹಣ ಮರಳಿಸಿತು. ಆದರೂ ಆ ಮನೆಯವರು ಮತ್ತೆ ಬರಲಿಲ್ಲ, ಊರಿನ ಇತರರೂ ಬರಲಿಲ್ಲ. ನಿಯಮದ ಗಡುವು ಅಂಗಡಿಯನ್ನು ದಂಡದಿಂದ ಕಾಪಾಡಬಹುದು, ಕಾಯುತ್ತಾ ಕುಳಿತವರ ಮನಸ್ಸನ್ನು ಕಾಪಾಡುವುದಿಲ್ಲ. ಅಲ್ಲಿಂದ ಎರಡು ಬದಲಾವಣೆಗಳಾದವು. ಚಿಕ್ಕ ಬೆಲೆಯ ಸರಕಿಗೆ ಮೊದಲು ಹಣ ಮರಳಿಸುತ್ತಾರೆ, ಕೊರಿಯರ್‌ನೊಂದಿಗಿನ ತಕರಾರು ಆಮೇಲೆ. ಟಿವಿ, ಫ್ರಿಜ್‌ಗಳನ್ನು ಕೊರಿಯರ್‌ಗೆ ಕೊಡುವುದನ್ನೇ ನಿಲ್ಲಿಸಿ, ತಾಲ್ಲೂಕಿಗೊಂದು ವಾರವೆಂದು ನಿಗದಿ ಮಾಡಿ ಸ್ವಂತ ವಾಹನದಲ್ಲಿ ಒಯ್ದು, ಜೋಡಿಸಿ, ವೋಲ್ಟೇಜ್ ಅಳೆದು ಬರುತ್ತಾರೆ.

ಬೇರೆಯವರು ಇದರಿಂದ ತೆಗೆದುಕೊಳ್ಳಬಹುದಾದದ್ದು

ನನ್ನ ಓದಿನಲ್ಲಿ ಈ ಪ್ರಕರಣದ ಸಾರ ಇಷ್ಟು: ಎಲೆಕ್ಟ್ರಾನಿಕ್ಸ್ ವ್ಯಾಪಾರದಲ್ಲಿ ಎರಡನೆಯ ಖರೀದಿ ತೀರ್ಮಾನವಾಗುವುದು ಮೊದಲನೆಯ ವಸ್ತು ಕೈಕೊಟ್ಟ ದಿನ. ಆ ದಿನ ಯಾರಿಗೆ ಕರೆ ಮಾಡಬೇಕೆಂದು ಗ್ರಾಹಕರಿಗೆ ಗೊತ್ತಿದ್ದು, ಕರೆ ಮಾಡಿದಾಗ ವಸ್ತುವನ್ನು ಬಲ್ಲ ಒಬ್ಬ ಮನುಷ್ಯ ಉತ್ತರಿಸಿದರೆ, ಮುಂದಿನ ಬಾರಿ ಅವರು ಬೆಲೆ ಹೋಲಿಸುವುದಕ್ಕೆ ಮೊದಲು ಆ ಸಂಖ್ಯೆಯನ್ನು ಹುಡುಕುತ್ತಾರೆ. ದೂರದ ಊರುಗಳಲ್ಲಿ ಇದರ ತೂಕ ಹೆಚ್ಚು, ಸೇವಾ ಕೇಂದ್ರಗಳಿರುವ ನಗರದಲ್ಲಿ ಕಡಿಮೆ. ಹಾಗಾಗಿ ಇದೇ ಮಾದರಿಯನ್ನು ಬೆಂಗಳೂರಿನ ಬಡಾವಣೆಯಲ್ಲಿ ನೆಟ್ಟರೆ ಇದೇ ಫಲ ಬರುತ್ತದೆಂದು ನಾನು ಹೇಳಲಾರೆ.

ಇದೇ ಹಾದಿ ಹಿಡಿಯಬಯಸುವ ಅಂಗಡಿಯವರು ಒಂದು ಕೆಲಸವನ್ನು ಮೊದಲು ಮಾಡಲಿ: ಎರಡು ಬಾರಿ ಕೊಂಡವರ ಪಟ್ಟಿ ಮತ್ತು ವಾಪಸಾದ ಪಾರ್ಸೆಲ್‌ಗಳ ಪಟ್ಟಿ, ಇವೆರಡನ್ನೂ ಊರಿನ ಪ್ರಕಾರ ಪಕ್ಕಪಕ್ಕದಲ್ಲಿಟ್ಟು ಓದಲಿ. ಒಟ್ಟು ಮಾರಾಟದ ಅಂಕಿಯನ್ನಷ್ಟೇ ದಿನವೂ ನೋಡುತ್ತಿದ್ದ ಎರಡು ವರ್ಷ ಈ ಕುಟುಂಬಕ್ಕೆ ಕಾಣದೆ ಹೋದದ್ದೆಲ್ಲ ಆ ಎರಡು ಪಟ್ಟಿಗಳಲ್ಲೇ ಇತ್ತು.

ಈಗ ಅಂಗಡಿಯ ಮುಂದಿರುವ ಪ್ರಶ್ನೆ ಮೆಕ್ಯಾನಿಕ್ ಅವರ ವಯಸ್ಸಿನದು. ಸುಟ್ಟ ಬೋರ್ಡನ್ನು ನೋಡಿ ಏಟು ಎಲ್ಲಿಂದ ಬಂತೆಂದು ಹೇಳಬಲ್ಲವರು ಅಲ್ಲಿ ಅವರೊಬ್ಬರೇ. ಐಟಿಐ ಮುಗಿಸಿದ ಇಬ್ಬರನ್ನು ಮೇಜಿನ ಬಳಿ ಕೂರಿಸಿದ್ದಾರೆ. ಒಬ್ಬ ಹುಡುಗ ಹೆಚ್ಚಿನ ಸಂಬಳಕ್ಕೆ ಬೆಂಗಳೂರಿಗೆ ಹೋದ, ಒಬ್ಬಳು ಹುಡುಗಿ ಉಳಿದಿದ್ದಾಳೆ. ಅವಳ ಸಂಬಳವನ್ನು ರಿಪೇರಿಯ ಆದಾಯದಿಂದ ಹೊಂದಿಸಲಾಗದು. ಅದನ್ನು ಜಾಹೀರಾತಿನಲ್ಲಿ ಉಳಿದ ಹಣದಿಂದ ಕೊಡಬೇಕೆಂದು ತಂಗಿ ಹೇಳುತ್ತಿದ್ದಾರೆ, ಈ ಬಾರಿ ಅಣ್ಣ ವಿರೋಧಿಸಿಲ್ಲ.